ಸಬರಮತಿಯ ಸಿಂಹ, ವಿಶ್ವಾಮಿತ್ರಿಯ ಮೊಸಳೆ

ಅಹಮದಾಬಾದಿನ ಉತ್ತರಕ್ಕೆ, ಮೆಹ್ಸಾಣಾ ಜಿಲ್ಲೆಯಲ್ಲಿ ಲಂಘನಜ್ ಎಂಬ ಊರಿದೆ. ಅಲ್ಲಿನ ಮರಳ ದಿಬ್ಬವೊಂದನ್ನು 1940ರ ದಶಕದಲ್ಲಿ ಎಚ್. ಡಿ. ಸಾಂಕಲಿಯಾ ಮತ್ತು ಇರಾವತಿ ಕರ್ವೆ ಅಗೆಸಿದಾಗ ಸಣ್ಣ ಕಲ್ಲಿನ ಅಲಗುಗಳು, ಮನುಷ್ಯರ ಅಸ್ಥಿಪಂಜರಗಳು, ಬೇಟೆಯ ಪ್ರಾಣಿಗಳ ಮೂಳೆಗಳು ಸಿಕ್ಕವು. ಅವುಗಳ ನಡುವೆ ಘೇಂಡಾಮೃಗದ ಹೆಗಲ ಮೂಳೆಯೊಂದಿತ್ತು. ಅದರ ಅಗಲ ಮೈಮೇಲೆ ಚಿಕ್ಕ ಚಿಕ್ಕ ಗುಳಿಗಳು. ಯಾರೋ ಅದನ್ನು ನೆಲದ ಮೇಲಿಟ್ಟುಕೊಂಡು, ಅದರ ಮೇಲೆ ಕಲ್ಲು ಹಿಡಿದು ಬಡಿದು ಅಲಗು ಎಬ್ಬಿಸುತ್ತಿದ್ದರು. ಕೂತು ಕೆಲಸ ಮಾಡಿದವರ ಏಟಿನ ಗುರುತುಗಳು ಸಾವಿರಾರು ವರ್ಷ ಕಳೆದರೂ ಅಳಿದಿರಲಿಲ್ಲ. ಇಂದು ಕಾಡು ಘೇಂಡಾಮೃಗವನ್ನು ನೋಡಬೇಕೆಂದರೆ ಲಂಘನಜ್‌ನವರು ಅಸ್ಸಾಮಿನಂಥ, ನೇಪಾಳದ ತಪ್ಪಲಿನಂಥ ದೂರದ ಕಾಡಿಗೆ ಹೋಗಬೇಕು. 1860ರ ದಶಕದಲ್ಲಿ ಬರೋಡಾಕ್ಕೆ, ಅಂದರೆ ಇಂದಿನ ವಡೋದರಾಕ್ಕೆ, ಬಂದ ಫ್ರೆಂಚ್ ಪ್ರವಾಸಿ ಲೂಯಿ ರೂಸೆಲೆ, ಅಲ್ಲಿನ ದೊರೆ ಖಂಡೇರಾವ್ ಗಾಯಕವಾಡರ ಅಖಾಡದಲ್ಲಿ ಘೇಂಡಾಮೃಗಗಳ ಕಾಳಗ ನಡೆಯುವುದನ್ನು ಬಣ್ಣಿಸಿದ್ದಾನೆ. ಅಷ್ಟು ಹೊತ್ತಿಗಾಗಲೇ ಆ ಪ್ರಾಣಿ ಗುಜರಾತಿಗೆ ಹೊರಗಿನದು, ದೂರದ ಕಾಡಿನಿಂದ ಹಿಡಿದು ತರಿಸಬೇಕಾದದ್ದು.

ಇಂಥ ಕಣ್ಮರೆಗೆ ನಾವು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಹವೆ ಒಣಗಿತು. ಈ ವಿವರಣೆಯಲ್ಲಿ ಸತ್ಯವಿಲ್ಲದಿಲ್ಲ. ಅಹಮದಾಬಾದಿನ ಪಶ್ಚಿಮದ ನಲ್ ಸರೋವರದ ತಳದ ಕೆಸರಿನಿಂದ ವಿಜ್ಞಾನಿಗಳು ತೆಗೆದ ದಾಖಲೆಯೂ, ಸಿಂಧೂ ನಾಗರಿಕತೆಯ ಕೊನೆಗಾಲದ ಬಗ್ಗೆ ನಮಗಿರುವ ತಿಳಿವಳಿಕೆಯೂ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಮಳೆ ಸೊರಗಿತೆಂಬ ಕಡೆಗೇ ಬೆರಳು ತೋರಿಸುತ್ತವೆ. ಆದರೆ ಮಳೆಯೊಂದನ್ನೇ ಹೊಣೆ ಮಾಡುವ ಮೊದಲು ಬಾಬರನ ಆತ್ಮಕಥೆಯನ್ನು ತೆರೆದು ನೋಡಬೇಕು. 16ನೇ ಶತಮಾನದ ಆರಂಭದಲ್ಲಿ ಅವನು ಪೇಶಾವರದ ಸುತ್ತಿನ ಪ್ರದೇಶದಲ್ಲಿ, ಸಿಂಧೂ ನದಿಯ ಬಳಿಯಲ್ಲಿ ಘೇಂಡಾಮೃಗಗಳನ್ನು ಕಂಡ, ಬೇಟೆಯಾಡಿದ. ಪೇಶಾವರದಲ್ಲಿ ವರ್ಷಕ್ಕೆ ಬೀಳುವ ಮಳೆ ಅಹಮದಾಬಾದಿನ ಸುಮಾರು 800 ಮಿಲಿಮೀಟರಿನ ಅರ್ಧದಷ್ಟು. ಅಲ್ಲಿ ಬದುಕಿದ ಪ್ರಾಣಿಗೆ ಇಲ್ಲಿ ಬದುಕಲಾಗದಷ್ಟು ಬರ ಬಂದಿತ್ತೆ? ಅದಕ್ಕೆ ಬೇಕಿದ್ದದ್ದು ಆಕಾಶದ ಧಾರಾಳತನವಲ್ಲ, ನದಿಯಂಚಿನ ಎತ್ತರದ ಹುಲ್ಲು ಮತ್ತು ಹೊರಳಾಡಲು ಕೆಸರು. ಹುಲ್ಲನ್ನು ದನಗಳು ಮೇಯತೊಡಗಿದ ಮೇಲೆ, ಕೆಸರು ನೆಲ ಹೊಲವಾದ ಮೇಲೆ ಅದಕ್ಕೆ ನಿಲ್ಲಲು ನೆಲೆ ಉಳಿಯಲಿಲ್ಲ. ನನ್ನ ವಾದವಿಷ್ಟೆ: ಮಳೆ ಗದ್ದೆಯ ಸುತ್ತ ಬದು ಹಾಕುತ್ತದೆ, ಬದುವಿನೊಳಗೆ ಯಾವುದು ಬೆಳೆಯಬೇಕು, ಯಾವುದನ್ನು ಕಿತ್ತೆಸೆಯಬೇಕು ಎಂಬುದು ಒಕ್ಕಲಿನ ಕೈಯಲ್ಲಿದೆ. ಅಹಮದಾಬಾದ್, ವಡೋದರಾ, ಸೂರತ್ ಸುತ್ತಲಿನ ನಾಲ್ಕು ಶತಮಾನಗಳ ಚರಿತ್ರೆ ಇದನ್ನು ಬೇರೆಲ್ಲಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಆ ಚರಿತ್ರೆಗೆ ಒಳ್ಳೆಯ ಸಾಕ್ಷಿ ಬಾಬರನ ಮರಿಮಗ ಜಹಾಂಗೀರ್. ಅವನು 1618ರ ಆರಂಭದಲ್ಲಿ ಅಹಮದಾಬಾದಿಗೆ ಬಂದ. ಊರು ಅವನಿಗೆ ಒಂದಿಷ್ಟೂ ಹಿಡಿಸಲಿಲ್ಲ. ಧೂಳಿನೂರು, ಬಿಸಿಗಾಳಿಯ ನಾಡು, ರೋಗಿಗಳ ಮನೆ, ಮುಳ್ಳಿನ ಪೊದೆ, ಕಡೆಗೆ ನರಕದೂರು ಎಂದೆಲ್ಲ ಹೆಸರಿಟ್ಟು ತನ್ನ ದಿನಚರಿಯಲ್ಲಿ ಬೈದುಕೊಂಡಿದ್ದಾನೆ. ಅಂದರೆ ನಾನೂರು ವರ್ಷಗಳ ಹಿಂದೆಯೇ ಇಲ್ಲಿನ ಹವೆ ಈಗಿನಂತೆ ಒಣದಾಗಿತ್ತು, ಬಯಲಲ್ಲಿ ಜಾಲಿಯಂಥ ಮುಳ್ಳುಗಿಡಗಳೇ ತುಂಬಿದ್ದವು. ಅದೇ ವರ್ಷ ಅದೇ ದೊರೆ ಅಲ್ಲಿಂದ ಪೂರ್ವಕ್ಕೆ, ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ದಾಹೋದಿನ ಕಾಡಿಗೆ ಆನೆ ಹಿಡಿಯಲು ಹೋದ. ಸವಾರರೂ ಕಾಲಾಳುಗಳೂ ಕಾಡನ್ನು ಸುತ್ತುವರಿದರು. ದೊರೆ ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಕೂತು ನೋಡಿದ. ಗಂಡು ಹೆಣ್ಣು ಸೇರಿ 150ಕ್ಕೂ ಹೆಚ್ಚು ಆನೆಗಳು ಸೆರೆ ಸಿಕ್ಕವು. ಇಂದು ಇಡೀ ಗುಜರಾತಿನಲ್ಲಿ ಕಾಡಾನೆಯ ನೆಲೆಯೇ ಇಲ್ಲ. ದಾಹೋದ್ ಈಗ ಗುಡ್ಡಗಾಡಿನ ಬುಡಕಟ್ಟುಗಳಿಗೂ, ಅದೇ ವರ್ಷದ ಕೊನೆಯಲ್ಲಿ ಅಲ್ಲಿ ಹುಟ್ಟಿದ ಔರಂಗಜೇಬನಿಗೂ ಹೆಸರಾದ ಊರೇ ಹೊರತು, ಅಲ್ಲಿ ಆನೆಯಿತ್ತೆಂದರೆ ನಂಬುವವರು ಕಡಿಮೆ.

ಆನೆಯ ನಂಟು ಈ ನಾಡಿಗೆ ಇನ್ನೂ ಹಳೆಯದು. ಅಹಮದಾಬಾದ್ ಜಿಲ್ಲೆಯಲ್ಲಿ ಸಿಂಧೂ ನಾಗರಿಕತೆಯ ನೆಲೆಯಾದ ಲೋಥಲ್‌ನಲ್ಲಿ 1955ರಿಂದ ಉತ್ಖನನ ನಡೆಸಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್, ಅರ್ಥಾತ್ ಎಸ್. ಆರ್. ರಾವ್. ಲೋಥಲ್‌ನಲ್ಲಿ ಗರಗಸದಿಂದ ಕೊಯ್ದ ದಂತದ ತುಂಡುಗಳು ಸಿಕ್ಕಿವೆ. ದಂತದ ಕೆಲಸ ಅಲ್ಲಿ ನಡೆಯುತ್ತಿತ್ತು. ಮುಂದೆ ಕೌಟಿಲ್ಯನ ಅರ್ಥಶಾಸ್ತ್ರ ಆನೆಗಳ ತರತಮ ಹೇಳುವಾಗ ಸೌರಾಷ್ಟ್ರದ ಆನೆಗಳನ್ನು ಕೊನೆಯ ದರ್ಜೆಗೆ ಹಾಕುತ್ತದೆ. ಕೊನೆಯದಾದರೂ ಸರಿ, ಆನೆ ಇತ್ತು ಎಂಬುದು ಮುಖ್ಯ. ಮಳೆ ಸೊರಗಿದ ಮೇಲೂ ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಆನೆ ಈ ಭಾಗದಲ್ಲಿ ಉಳಿದಿತ್ತು. ಜಹಾಂಗೀರ್ ಶಪಿಸಿದ ಬಿಸಿಗಾಳಿಯಲ್ಲೇ ದಾಹೋದಿನ ಹಿಂಡುಗಳು ಬದುಕಿದ್ದವು. ಅಲ್ಲಿಂದೀಚೆಗೆ ಆನೆಯನ್ನು ಅಳಿಸುವಷ್ಟು ದೊಡ್ಡ ಬದಲಾವಣೆ ಮಳೆಯಲ್ಲಿ ಆಗಿಲ್ಲ. ಬದಲಾದದ್ದು ಕಾಡು: ಸೈನ್ಯಕ್ಕಾಗಿ ಹಿಂಡುಹಿಂಡೇ ಹಿಡಿದೊಯ್ದರು, ಕಣಿವೆಗಳು ಹೊಲವಾದವು, ಮಧ್ಯ ಭಾರತದ ಕಾಡಿಗಿದ್ದ ದಾರಿ ತುಂಡಾಯಿತು. ಆನೆಯಂಥ ಪ್ರಾಣಿ ನಿಧಾನವಾಗಿ ಮರಿ ಹಾಕುತ್ತದೆ. ಹೊರಗಿನಿಂದ ಬಂದು ಸೇರುವ ದಾರಿ ಮುಚ್ಚಿದರೆ ಕೆಲವೇ ತಲೆಮಾರಿನಲ್ಲಿ ಹೇಳಹೆಸರಿಲ್ಲದಾಗುತ್ತದೆ.

ಜಹಾಂಗೀರನ ಅದೇ ದಿನಚರಿಯಲ್ಲಿ ಇನ್ನೊಂದು ಜೀವಿಯ ವಿಷಯವೂ ಇದೆ. ಅವನು ಸಾಕಿಸಿದ್ದ ಒಂದು ಜೋಡಿ ಸಾರಸ ಹಕ್ಕಿಗಳಿದ್ದವು. ಅವಕ್ಕೆ ಲೈಲಾ, ಮಜನೂ ಎಂದು ಹೆಸರು. ಅವು ಕೂಡಿದ್ದು, ಮೊಟ್ಟೆಯಿಟ್ಟದ್ದು, ಎರಡನೆಯ ಮೊಟ್ಟೆ 48 ಗಂಟೆಗಳ ಅಂತರದಲ್ಲಿ ಬಂದದ್ದು, 34 ದಿನ ಕಾವು ಕೊಟ್ಟದ್ದು, ರಾತ್ರಿಯಿಡೀ ಹೆಣ್ಣು ಕಾವಿಗೆ ಕೂತರೆ ಗಂಡು ಪಕ್ಕದಲ್ಲಿ ನಿಂತು ಕಾದದ್ದು, ಬೆಳಗಾದೊಡನೆ ಗಂಡು ಬಂದು ಕೊಕ್ಕಿನಿಂದ ಹೆಣ್ಣಿನ ಬೆನ್ನು ಕೆರೆದು ಎಬ್ಬಿಸಿ ತಾನು ಕೂತದ್ದು, ಎಲ್ಲವನ್ನೂ ಬರೆಸಿದ್ದಾನೆ. ಇಂದಿನ ಪಕ್ಷಿಶಾಸ್ತ್ರಜ್ಞರು ಕೊಡುವ ಕಾವಿನ ಅವಧಿಗೂ ಅವನ ಲೆಕ್ಕಕ್ಕೂ ಹೊಂದಾಣಿಕೆಯಿದೆ. ಸಲೀಂ ಅಲಿ ಮೊಗಲ್ ದೊರೆಗಳ ನಿಸರ್ಗಜ್ಞಾನದ ಬಗ್ಗೆ ವಿಸ್ತಾರವಾಗಿ ಬರೆಯಲು ಇಂಥ ಪುಟಗಳೇ ಕಾರಣ. ದಾಹೋದಿನ ಆನೆ ಹೋಯಿತು, ಸಾರಸ ಉಳಿಯಿತು. ಅಹಮದಾಬಾದ್ ಮತ್ತು ವಡೋದರಾ ನಡುವಿನ ಖೇಡಾ, ಆಣಂದ್ ಜಿಲ್ಲೆಗಳ ಗದ್ದೆಗಳಲ್ಲಿ ಮನುಷ್ಯನೆತ್ತರದ ಆ ಬೂದು ಹಕ್ಕಿ, ಕೆಂಪು ಕತ್ತಿನದು, ಈಗಲೂ ಜೋಡಿ ಜೋಡಿಯಾಗಿ ಮೇಯುತ್ತದೆ. ವಣಾಕ್‌ಬೋರಿ ಒಡ್ಡಿನಿಂದ ಹೊರಟ ಮಹೀ ಬಲದಂಡೆ ಕಾಲುವೆ 20ನೇ ಶತಮಾನದ ಉತ್ತರಾರ್ಧದಲ್ಲಿ ಮಾತರ್ ಕಡೆಯ ಬಯಲನ್ನು ಭತ್ತದ ನಾಡು ಮಾಡಿತು. ಜೌಗು ನೆಲ ಬಯಸುವ ಸಾರಸಕ್ಕೆ ಮಳೆ ಕೊಡದ ನೀರನ್ನು ಕಾಲುವೆ ಕೊಟ್ಟಿತು. ಗದ್ದೆಯ ನಡುವೆ ಹುಲ್ಲು, ಭತ್ತದ ಪೈರನ್ನೇ ಒಟ್ಟಿ ಅದು ಗೂಡು ಕಟ್ಟುತ್ತದೆ. ಅಷ್ಟಗಲ ಬೆಳೆ ಹಾಳಾದರೂ ರೈತ ಸುಮ್ಮನಿದ್ದರೆ ಮರಿ ಏಳುತ್ತದೆ, ಇಲ್ಲದಿದ್ದರೆ ಇಲ್ಲ.

ಸಿಂಹದ ಕತೆ ಇದಕ್ಕೆ ತದ್ವಿರುದ್ಧ. ಗಿರ್ ಕಾಡಿನಾಚೆ ಸಿಂಹವಿತ್ತು ಎಂಬುದೇ ಇಂದು ಅನೇಕರಿಗೆ ಗೊತ್ತಿಲ್ಲ. 1830ರ ದಶಕದಲ್ಲಿ ಬಾಂಬೆ ಸೈನ್ಯದ ಕ್ಯಾಪ್ಟನ್ ವಾಲ್ಟರ್ ಸ್ಮೀ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಗುಜರಾತಿನ ಸಿಂಹದ ಚರ್ಮಗಳನ್ನು ಇಟ್ಟು ವರದಿ ಒಪ್ಪಿಸಿದ. ಅವನ ಪ್ರಕಾರ ಸಿಂಹ ಇದ್ದದ್ದು ಅಹಮದಾಬಾದಿನ ಆಸುಪಾಸಿನ ಸಬರಮತಿಯ ದಂಡೆಯಿಂದ ಕಚ್ಛದ ಗಡಿಯವರೆಗಿನ ಕುರುಚಲು ಬಯಲಿನಲ್ಲಿ. ಮೈಬಣ್ಣ ಒಂಟೆಯದನ್ನು ಹೋಲುತ್ತದೆಂದು ಜನ ಅದನ್ನು ‘ಊಂಟಿಯಾ ಬಾಘ್’ ಅನ್ನುತ್ತಿದ್ದರು. ಸ್ಮೀ ಒಬ್ಬನೇ, ಮರಿಗಳೂ ಸೇರಿ ಹನ್ನೊಂದನ್ನು ಕೊಂದ. ಅವನಂತೆ ಬಂದೂಕು ಹಿಡಿದ ಅಧಿಕಾರಿಗಳು ದಂಡಿನೂರುಗಳಲ್ಲಿ ಬೀಡುಬಿಟ್ಟಿದ್ದರು. ಮುಂದೆ ಅಮೆರಿಕದ ಅಂತರ್ಯುದ್ಧದಿಂದ 1861ರಿಂದ 1865ರವರೆಗೆ ಹತ್ತಿಗೆ ಬಂಗಾರದ ಬೆಲೆ ಬಂತು; ಕುರುಚಲು ನೆಲಕ್ಕೂ ನೇಗಿಲು ಬಿತ್ತು. 1861ರಲ್ಲಿ ರಣಛೋಡ್‌ಲಾಲ್ ಛೋಟಾಲಾಲ್ ಅಹಮದಾಬಾದಿನ ಮೊದಲ ಬಟ್ಟೆ ಗಿರಣಿ ನಡೆಸಿದರು. ಸೂರತ್ ಕಡೆಯಿಂದ ಹೊರಟ ರೈಲು ಹಾದಿ ಅದೇ ದಶಕದಲ್ಲಿ ಅಹಮದಾಬಾದ್ ಮುಟ್ಟಿತು. ಶತಮಾನ ಮುಗಿಯುವ ಮೊದಲೇ ಸೌರಾಷ್ಟ್ರದಾಚೆಯ ಗುಜರಾತಿನಲ್ಲಿ ಸಿಂಹ ಉಳಿಯಲಿಲ್ಲ. ಜುನಾಗಢದ ನವಾಬರು ಬೇಟೆಗೆ ಕಡಿವಾಣ ಹಾಕಿದ್ದರಿಂದ ಗಿರ್‌ನಲ್ಲಿ ಮಾತ್ರ ಒಂದು ಸಣ್ಣ ಗುಂಪು ಬದುಕಿತು. ಗಿರ್‌ನ ಮಳೆ ಅಹಮದಾಬಾದಿನ ಮಳೆಗಿಂತ ಬಹಳ ಬೇರೆಯೇನಲ್ಲ. 2020ರಲ್ಲಿ 674 ಇದ್ದ ಸಿಂಹಗಳು 2025ರ ಎಣಿಕೆಯಲ್ಲಿ 891 ಆಗಿವೆ. ಕಾಡು ಬಿಟ್ಟು ಭಾವನಗರ, ಅಮ್ರೇಲಿ ಜಿಲ್ಲೆಗಳ ಹೊಲ-ಬೀಳುಗಳಿಗೆ ಹರಡಿವೆ. ಆಕಾಶವೇ ಸಿಂಹವನ್ನು ಓಡಿಸಿದ್ದಾಗಿದ್ದರೆ ಅದು ಹೀಗೆ ಹಿಂದಿರುಗುತ್ತಿರಲಿಲ್ಲ.

ಮನುಷ್ಯ ಅಳಿಸಿದ್ದನ್ನಷ್ಟೇ ಹೇಳಿದರೆ ಲೆಕ್ಕ ಅರ್ಧವಾಗುತ್ತದೆ. ಬರೋಡಾದ ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ ನೀರಿಗಾಗಿ ಆದ ಕೆಲಸಗಳು ಈ ನಾಡಿನ ಹಕ್ಕಿಗಳ ನಕ್ಷೆಯನ್ನೇ ತಿದ್ದಿದವು. ವಡೋದರಾಕ್ಕೆ ಕುಡಿಯುವ ನೀರು ಕೊಡಲು 1890ರ ದಶಕದ ಆರಂಭದಲ್ಲಿ ಆಜವಾ ಕೆರೆ ಸಿದ್ಧವಾಯಿತು. ವಿಕ್ರಮ ಸಂವತ್ 1956ರಲ್ಲಿ, ಅಂದರೆ 1899-1900ರಲ್ಲಿ, ‘ಛಪ್ಪನಿಯಾ’ ಬರ ಗುಜರಾತನ್ನು ಹಿಂಡಿತು; ದನಕರುಗಳು ಗುಂಪುಗುಂಪಾಗಿ ಸತ್ತವು. ಅದಾದ ಒಂದು ದಶಕದೊಳಗೆ ಡಭೋಯಿ ಬಳಿ ವಢವಾಣಾ ಕೆರೆ, 1912ರಲ್ಲಿ ಅಹಮದಾಬಾದಿನ ಸಮೀಪ ಥೋಲ್ ಕೆರೆ, ಎರಡೂ ಹೊಲಗಳಿಗೆ ನೀರುಣಿಸಲೆಂದೇ ಕಟ್ಟಿದವು. ಏರಿ ಕಟ್ಟಿದವರ, ತೂಬು ಕೂರಿಸಿದವರ ತಲೆಯಲ್ಲಿ ಹಕ್ಕಿಗಳಿರಲಿಲ್ಲ. ಆದರೂ ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಬಗೆಬಗೆಯ ಬಾತುಗಳೂ ಚಳಿಗಾಲಕ್ಕೆ ಈ ಕೆರೆಗಳನ್ನು ಆರಿಸಿಕೊಂಡವು. 2021ರಲ್ಲಿ ಥೋಲ್, ವಢವಾಣಾ ಎರಡೂ ರಾಮ್‌ಸರ್ ಪಟ್ಟಿಗೆ ಸೇರಿದವು. ನಲ್ ಸರೋವರ 2012ರಲ್ಲೇ ಸೇರಿತ್ತು. ಕನ್ನಡದ ಓದುಗರಿಗೆ ಇದು ಹೊಸದೆನಿಸದು. ಕಾವೇರಿಗೆ 17ನೇ ಶತಮಾನದಲ್ಲಿ ಮೈಸೂರು ಒಡೆಯರು ಕಟ್ಟಿಸಿದ ಒಡ್ಡಿನಿಂದಲೇ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದು, 1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಅದು ಪಕ್ಷಿಧಾಮವಾದದ್ದು.

ಇನ್ನು ವಡೋದರಾದ ಮೊಸಳೆ. ಪಾವಾಗಢ ಬೆಟ್ಟದಲ್ಲಿ ಹುಟ್ಟಿ ಊರ ನಡುವೆ ಹರಿಯುವ ವಿಶ್ವಾಮಿತ್ರಿ ಚಿಕ್ಕ ನದಿ. ಬೇಸಿಗೆಯಲ್ಲಿ ತಾನಾಗಿ ಬತ್ತಬೇಕಾದದ್ದು. ಈಗ ಬತ್ತುವುದಿಲ್ಲ, ಊರಿನ ಚರಂಡಿ ನೀರು ವರ್ಷವಿಡೀ ಅದಕ್ಕೆ ಸೇರುತ್ತದೆ. ಆ ಕೊಳಕು ನೀರಿನಲ್ಲೂ ಬದುಕುವ ಮೀನುಗಳು, ಸತ್ತ ಪ್ರಾಣಿಗಳು, ದಂಡೆಯ ಮೆದು ಮಣ್ಣು, ಇವಿಷ್ಟೂ ಮಗ್ಗರ್ ಮೊಸಳೆಗೆ ಸಾಕು. ಅದು ಕಡಿದಾದ ದಂಡೆಯಲ್ಲಿ ಬಿಲ ಕೊರೆಯುತ್ತದೆ, ಚಳಿಗಾಲದಲ್ಲಿ ಬಿಸಿಲಿಗೆ ಮೈಯೊಡ್ಡುತ್ತದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಹೆಣ್ಣು ದಂಡೆಯ ಮಣ್ಣಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮಳೆಗಾಲ ಹಿಡಿಯುವ ಮುನ್ನ ಮರಿಗಳು ಮಣ್ಣೊಳಗಿಂದಲೇ ಕೂಗುತ್ತವೆ. ತಾಯಿ ಮಣ್ಣು ಬಗೆದು ಬಾಯಲ್ಲಿ ಕಚ್ಚಿ ಅವನ್ನು ನೀರಿಗೆ ಬಿಡುತ್ತದೆ. ದಂಡೆಯ ಮೇಲೆ ಕಾಲೇಜು, ಬಡಾವಣೆ, ಸೇತುವೆಗಳು. 2024ರ ಆಗಸ್ಟ್‌ನಲ್ಲಿ ನದಿ ಊರೊಳಗೆ ನುಗ್ಗಿದಾಗ ಮನೆಯಂಗಳಗಳಲ್ಲಿ, ಒಂದೆಡೆ ಛಾವಣಿಯ ಮೇಲೂ ಮೊಸಳೆಗಳು ಕಾಣಿಸಿಕೊಂಡವು. ಊರ ಜನ ಅವುಗಳನ್ನು ಬಡಿದು ಕೊಲ್ಲಲಿಲ್ಲ. ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಹಿಡಿದು ನೀರಿಗೆ ಬಿಟ್ಟರು. 2025ರ ಎಣಿಕೆಯಲ್ಲಿ ನದಿಯಲ್ಲಿ 400ಕ್ಕೂ ಹೆಚ್ಚು ಮೊಸಳೆಗಳಿದ್ದವು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಮನುಷ್ಯ ಕಟ್ಟಿದ ಕೆರೆ, ಕಾಲುವೆ, ಕೊನೆಗೆ ಚರಂಡಿಯೂ ಜೀವಿಗಳಿಗೆ ನೆಲೆಯಾದರೆ ಕೊರಗುವುದೇಕೆ? ಒಂದು ಹೋದರೆ ಇನ್ನೊಂದು ಬರುತ್ತದಲ್ಲ? ಈ ವಾದ ಕೇಳಲು ಹಿತವಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಉಳಿದವರ ಪಟ್ಟಿ ನೋಡಿ: ಹೆಬ್ಬಾತು, ಸಾರಸ, ಮೊಸಳೆ. ಮೂರೂ ನೀರನ್ನು ಆಶ್ರಯಿಸಿದವು. ಈ ಊರುಗಳ ಸುತ್ತಲಿಂದ ಹೋದವರ ಪಟ್ಟಿ: ಘೇಂಡಾಮೃಗ, ಆನೆ, ಸಿಂಹ, ಚೀತಾ. ಎಲ್ಲವೂ ಅಗಲವಾದ ನೆಲ ಬೇಡುವವು. ನೀರನ್ನು ನಾವು ನಮಗಾಗಿ ಹೆಚ್ಚಿಸಿಕೊಂಡೆವು, ಅದರ ಮಿಗತೆ ಹಕ್ಕಿಗೂ ಸಿಕ್ಕಿತು. ಹುಲ್ಲುಬಯಲನ್ನೂ ಕುರುಚಲನ್ನೂ ಯಾರೂ ಹೆಚ್ಚಿಸಲಿಲ್ಲ. ಸರ್ಕಾರಿ ಕಾಗದದಲ್ಲಿ ಅವು ಇಂದಿಗೂ ‘ಪಾಳು ಭೂಮಿ’. 1875ರಲ್ಲಿ ಬರೋಡಾಕ್ಕೆ ಬಂದ ಇಂಗ್ಲೆಂಡಿನ ಯುವರಾಜನಿಗೆ ಪಳಗಿಸಿದ ಚೀತಾಗಳು ಕೃಷ್ಣಮೃಗ ಹಿಡಿಯುವುದನ್ನು ತೋರಿಸಿದ್ದರು. ಮುಂದಿನ ಶತಮಾನದಲ್ಲಿ ಭಾವನಗರದಂಥ ಸಂಸ್ಥಾನಗಳು ಬೇಟೆಗೆ ಚೀತಾಗಳನ್ನು ಆಫ್ರಿಕಾದಿಂದ ತರಿಸಬೇಕಾಯಿತು. ಅದೂ ಅಲ್ಲದೆ ಕಟ್ಟಿದ ನೀರಿಗೆ ಕಟ್ಟಿದವನ ಮರ್ಜಿ ಬೇಕು. ತೂಬು ಯಾವಾಗ ಎತ್ತಬೇಕು, ಹೂಳು ಯಾವ ತಿಂಗಳು ತೆಗೆಯಬೇಕು ಎಂಬ ಇಲಾಖೆಯ ಒಂದು ತೀರ್ಮಾನ ಸಾವಿರಾರು ಹಕ್ಕಿಗಳ ಚಳಿಗಾಲವನ್ನು ಕೆಡಿಸಬಲ್ಲದು. ಪ್ರವಾಹದ ಮರುವರ್ಷ, 2025ರ ಬೇಸಿಗೆಯಲ್ಲಿ, ವಿಶ್ವಾಮಿತ್ರಿಯ ಪಾತ್ರ ಅಗೆದು ಅಗಲ ಮಾಡುವ ಕೆಲಸ ನಡೆಯಿತು. ಪ್ರವಾಹ ತಡೆಯುವುದು ಬೇಕೇ ಬೇಕು. ಆದರೆ ಮೊಸಳೆಗಳು ಮೊಟ್ಟೆಯಿಡುವುದು ಆ ತಿಂಗಳುಗಳಲ್ಲೇ, ಆ ದಂಡೆಯ ಮಣ್ಣಲ್ಲೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಗುಜರಾತು ಅಹಿಂಸೆಯ ನಾಡು. ಜೈನರ, ವೈಷ್ಣವರ ಜೀವದಯೆ ಇಲ್ಲಿನ ಪ್ರಾಣಿಗಳನ್ನು ಕಾಪಾಡಿದೆ ಎನ್ನುವವರಿದ್ದಾರೆ. 1689ರಲ್ಲಿ ಸೂರತ್‌ಗೆ ಬಂದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್ ಅಲ್ಲಿನ ಬನಿಯಾ ವ್ಯಾಪಾರಿಗಳು ಮುದಿ ದನ, ಕುದುರೆಗಳಿಗಾಗಿ ನಡೆಸುತ್ತಿದ್ದ ಆಸ್ಪತ್ರೆಯನ್ನು ಕಂಡು ಬೆರಗಾಗಿ ಬರೆದ. ಇಂದಿಗೂ ಊರೂರಿನಲ್ಲಿ ಇಂಥ ಆಸರೆಗಳು, ಅಂದರೆ ಪಾಂಜರಾಪೋಳಗಳು, ಇವೆ. ಸಾರಸ, ಮೊಸಳೆ ಉಳಿದದ್ದರಲ್ಲಿ ಈ ದಯೆಯ ಪಾಲು ದೊಡ್ಡದು ಎಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಣ್ಣ ಮುಂದಿನ ಒಂದು ಪ್ರಾಣಿಯನ್ನು ಉಳಿಸುವುದು ಬೇರೆ, ಅದರ ಕುಲ ನಿಲ್ಲುವಂತೆ ನೋಡಿಕೊಳ್ಳುವುದು ಬೇರೆ. ಇದಕ್ಕೆ ರಣಹದ್ದಿಗಿಂತ ಕಹಿಯಾದ ಸಾಕ್ಷಿ ಇಲ್ಲ. ಸೂರತ್‌ನ ಪಾರ್ಸಿಗಳ ದೋಖ್ಮಾ ಎಂಬ ಶವಗೋಪುರಗಳಲ್ಲಿ ಶವಗಳನ್ನೂ ಪಾಂಜರಾಪೋಳಗಳ ಬಯಲಲ್ಲಿ ಸತ್ತ ದನಗಳನ್ನೂ ತಿಂದು ಊರನ್ನು ಶುಚಿಯಾಗಿಡುತ್ತಿದ್ದ ಹಕ್ಕಿ ಅದು. 1990ರ ದಶಕದಲ್ಲಿ ಅದು ಸಾಲುಸಾಲಾಗಿ ಸಾಯತೊಡಗಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಕಳೇಬರದಲ್ಲಿ ಉಳಿದು, ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ತಿಳಿಯಿತು; 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ 100ಕ್ಕೆ 99ರಷ್ಟು ಹೋಗಿದ್ದವು. ಮಳೆ ಬದಲಾಗಿರಲಿಲ್ಲ, ಕಾಡು ಕಡಿದಿರಲಿಲ್ಲ, ಯಾರೂ ಬಂದೂಕು ಎತ್ತಿರಲಿಲ್ಲ. ನೋಯುವ ಹಸುವಿನ ಮೇಲಿನ ಕನಿಕರವೇ ಸಾಕಾಯಿತು.

ಮೂರನೆಯ ಮಾತು ಇಂದಿನದು: ಈಗ ಹವೆಯನ್ನೇ ಮನುಷ್ಯ ಕೆಡಿಸುತ್ತಿರುವಾಗ, ಮಳೆಯ ಬದು ಬೇರೆ, ಒಕ್ಕಲಿನ ಕೈ ಬೇರೆ ಎಂದು ವಿಂಗಡಿಸುವುದರಲ್ಲಿ ಅರ್ಥವೇನು? ಅಹಮದಾಬಾದಿನಲ್ಲಿ 2016ರ ಮೇ 20ರಂದು ತಾಪ 48 ಡಿಗ್ರಿ ಮುಟ್ಟಿತು. ಬದು ಸರಿಯುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬದು ಸರಿದಾಗ ಜೀವಿಗೆ ಇರುವುದು ಎರಡೇ ದಾರಿ, ಹೊಂದಿಕೊಳ್ಳುವುದು ಅಥವಾ ತಾನೂ ಸರಿಯುವುದು. ಸರಿಯಲು ನಡುವೆ ಕಾಡು, ಪೊದೆ, ಹಳ್ಳ ಬೇಕು. ಹೆದ್ದಾರಿ, ಕಾಲುವೆ, ಬೇಲಿಗಳ ನಡುವೆ ತುಂಡಾದ ನೆಲದಲ್ಲಿ ಹವೆಯ ಸಣ್ಣ ಏರುಪೇರೂ ಪ್ರಾಣ ತೆಗೆಯುತ್ತದೆ. ಹಾಗಾಗಿ ಹವೆ ಕೆಟ್ಟಷ್ಟೂ ನೆಲದ ಮೇಲಿನ ನಮ್ಮ ತೀರ್ಮಾನಗಳ ಭಾರ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಹುಲಿ ಇದನ್ನು ನಮ್ಮ ಕಾಲದಲ್ಲೇ ತೋರಿಸಿಕೊಟ್ಟಿದೆ. ಸೂರತ್‌ನ ದಕ್ಷಿಣ-ಪೂರ್ವಕ್ಕಿರುವ ಡಾಂಗ್ಸ್‌ನ ತೇಗದ ಕಾಡನ್ನು 1840ರ ದಶಕದಲ್ಲಿ ಬ್ರಿಟಿಷರು ಭಿಲ್ ನಾಯಕರಿಂದ ಗುತ್ತಿಗೆಗೆ ಪಡೆದು ಕಡಿಯತೊಡಗಿದರು. ಗುಜರಾತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಆ ಗುಡ್ಡಗಳಲ್ಲೂ 20ನೇ ಶತಮಾನದ ಕೊನೆಗೆ ಹುಲಿ ಉಳಿಯಲಿಲ್ಲ. 2019ರ ಫೆಬ್ರವರಿಯಲ್ಲಿ ಮಧ್ಯ ಪ್ರದೇಶದ ಕಡೆಯಿಂದ ನಡೆದು ಬಂದ ಒಂದು ಹುಲಿ ಮಹಿಸಾಗರ್ ಜಿಲ್ಲೆಯಲ್ಲಿ ಕ್ಯಾಮೆರಾಕ್ಕೆ ಸಿಕ್ಕಿತು. ಅದೇ ತಿಂಗಳ ಕೊನೆಗೆ ಸತ್ತು ಬಿದ್ದಿತ್ತು. 2025ರಲ್ಲಿ ಇನ್ನೊಂದು ಹುಲಿ ಬಂದು ದಾಹೋದ್ ಜಿಲ್ಲೆಯ ರತನ್‌ಮಹಲ್ ಕಾಡಿನಲ್ಲಿ ನೆಲೆ ನಿಂತಿತು. ಅದು ಬಂದ ದಾರಿ ಇನ್ನೂ ಪೂರ್ತಿ ಮುಚ್ಚಿಲ್ಲ ಎಂದಾಯಿತು. ಗುಜರಾತ್ ಮತ್ತು ಮಧ್ಯ ಪ್ರದೇಶದ ಸರ್ಕಾರಗಳು ಆ ದಾರಿಯ ಕಾಡುತುಂಡುಗಳನ್ನು ಗುರುತಿಸಿ, ಅಲ್ಲಿ ಗಣಿಗೂ ಹೆದ್ದಾರಿಗೂ ಒಪ್ಪಿಗೆ ಕೊಡುವ ಮುನ್ನ, ಮುಂದಿನ ಹುಲಿ ಎಲ್ಲಿ ಹಾದುಬರಬೇಕು ಎಂಬುದನ್ನು ಕಾಗದದ ಮೇಲೆ ಬರೆದು ಜನರ ಮುಂದಿಡಬೇಕು.